ಹೆಸರಿಟ್ಟ ಮೇಲೆ ಸಂಖ್ಯೆಯನ್ನೇಕೆ ನಂಬುತ್ತೀರಿ?

ಕೊಂಡಾಪುರದ ಕೊತ್ತಗುಡ ಜಂಕ್ಷನ್ ಸುತ್ತಮುತ್ತ ಡ್ರೈವರ್ ಕೋಡ್ ಬರೆದು ಹೊಟ್ಟೆ ಹೊರೆಯುವವರಿಗೆ ಬರವಿಲ್ಲ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಅವರ ಜೊತೆ ನನ್ನದು ಒಂದೇ ಜಗಳ: ಈನಮ್‌ನ ಹೆಸರುಗಳನ್ನು ದೊಡ್ಡದು, ಚಿಕ್ಕದು ಎಂದು ಹೋಲಿಸಬೇಡಿ. "ಲಿನಕ್ಸ್ ಕರ್ನೆಲ್ಲೇ ಹಾಗೆ ಮಾಡುತ್ತದಲ್ಲ ಸಾರ್" ಎನ್ನುತ್ತಾರೆ. ಮಾಡುತ್ತದೆ. ಮಾಡಿ ಪಟ್ಟ ಪಾಡನ್ನೂ ನೋಡಿ.

ಯಂತ್ರ ಯಾವ ಹಂತದಲ್ಲಿದೆ ಎಂದು ಹೇಳಲು ಕರ್ನೆಲ್‌ನಲ್ಲಿ 'ಸಿಸ್ಟಮ್ ಸ್ಟೇಟ್' ಎಂಬ ವೇರಿಯಬಲ್ ಇದೆ. ಮೊದಲು ಬೂಟಿಂಗ್ ಅಂದರೆ 0, ರನ್ನಿಂಗ್ ಅಂದರೆ 1. ಆಮೇಲೆ ಹಾಲ್ಟ್, ಪವರ್ ಆಫ್, ರೀಸ್ಟಾರ್ಟ್. 2017ರಲ್ಲಿ ಥಾಮಸ್ ಗ್ಲೈಕ್ಸ್‌ನರ್ ಆ 0 ಮತ್ತು 1ರ ನಡುವೆ 'ಶೆಡ್ಯೂಲಿಂಗ್' ಎಂಬ ಹಂತ ಸೇರಿಸಿದರು. ಕೆಲವು ಡೀಬಗ್ ತಪಾಸಣೆಗಳು ಬೂಟ್ ಆಗುವಾಗಲೇ ಶುರುವಾಗಲಿ ಎಂಬುದು ಉದ್ದೇಶ, ಒಳ್ಳೆಯದೇ. ಆದರೆ ಆ ಒಂದು ಹೆಸರಿಗಾಗಿ ಎಕ್ಸ್86, ಎಆರ್‌ಎಮ್, ಪವರ್‌ಪಿಸಿ ಎಂದು ಊರೂರು ಸುತ್ತಿ ಹಳೆಯ ತಪಾಸಣೆಗಳನ್ನು ತಿದ್ದಬೇಕಾಯಿತು. ತಿದ್ದಿದ್ದಾದರೂ ಹೇಗೆ? "ಬೂಟಿಂಗ್ ಅಥವಾ ರನ್ನಿಂಗ್" ಎಂದಿದ್ದ ಕಡೆ "ರನ್ನಿಂಗ್‌ಗೆ ಸಮ ಇಲ್ಲವೇ ಕಡಿಮೆ" ಎಂದು! ಕ್ರಮದ ಮೇಲಿನ ಅವಲಂಬನೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಈ ಹಂತಗಳ ಕ್ರಮ ಬದಲಿಸಬೇಡಿ, ಕೋಡ್ ಅದನ್ನು ಹೋಲಿಸುತ್ತದೆ ಎಂದು ಹೆಡರ್ ಫೈಲ್‌ನಲ್ಲಿ ಒಂದು ಕಾಮೆಂಟ್ ಇದೆ. ಕಂಪೈಲರ್ ಕಾಮೆಂಟ್ ಓದುವುದಿಲ್ಲ, ಡೆಡ್‌ಲೈನ್ ಹತ್ತಿರವಾದ ಎಂಜಿನಿಯರ್ ಅಂತೂ ಓದುವುದೇ ಇಲ್ಲ.

ಇನ್ನು ಕ್ರಮ ಕೆಡಿಸದೆ ಕೊನೆಯಲ್ಲಿ ಸೇರಿಸಿದರೆ ಕ್ಷೇಮವೇ? 'ಸಸ್ಪೆಂಡ್' ಎಂಬ ಹಂತ ಬಂದು ಕೂತಿದ್ದು ರೀಸ್ಟಾರ್ಟ್‌ನ ನಂತರ. ಈಗ "ರನ್ನಿಂಗ್‌ಗಿಂತ ದೊಡ್ಡದಾದರೆ ಯಂತ್ರ ಮುಚ್ಚುತ್ತಿದೆ" ಎಂದು ಬರೆದ ಯಾವುದೇ ಡ್ರೈವರ್‌ಗೆ, ಲ್ಯಾಪ್‌ಟಾಪ್ ನಿದ್ದೆಗೆ ಜಾರುವುದೂ ಸಾವಿನಂತೆಯೇ ಕಾಣುತ್ತದೆ. ಅದು ಹೊಸ ಹೆಡರ್ ಜೊತೆ ಒಂದೂ ಎಚ್ಚರಿಕೆಯಿಲ್ಲದೆ ಕಂಪೈಲ್ ಆಗುತ್ತದೆ. ಮುಖ್ಯ ಕರ್ನೆಲ್‌ನೊಳಗಿನ ಕೋಡನ್ನು ಯಾರೋ ಹುಡುಕಿ ತಿದ್ದಿಯಾರು. ನಮ್ಮ ಗಚ್ಚಿಬೌಲಿ, ಮಾಧಾಪುರದ ಆಫೀಸುಗಳ ಖಾಸಗಿ ಗಿಟ್‌ನಲ್ಲಿರುವುದನ್ನು ಯಾರು ಹುಡುಕುತ್ತಾರೆ? ಒಳಗಿನ ಇಂಟರ್‌ಫೇಸ್ ಸ್ಥಿರವಾಗಿರುತ್ತದೆ ಎಂದು ಲಿನಕ್ಸ್ ಯಾವತ್ತೂ ಮಾತು ಕೊಟ್ಟಿಲ್ಲ.

ಮದ್ದು ಸರಳ. "ಯಂತ್ರ ಮುಚ್ಚುತ್ತಿದೆಯೇ?" ಎಂಬ ಪ್ರಶ್ನೆಗೆ ಒಂದೇ ಫಂಕ್ಷನ್ ಬರೆಯಿರಿ. ಒಳಗೆ ಸ್ವಿಚ್ ಇರಲಿ, ಪ್ರತಿ ಹಂತಕ್ಕೂ ಕೇಸ್ ಇರಲಿ, ಡಿಫಾಲ್ಟ್ ಮಾತ್ರ ಬೇಡ. ನಾಳೆ ಯಾರಾದರೂ ಹೊಸ ಹೆಸರು ಸೇರಿಸಿದರೆ ಜಿಸಿಸಿ ತಾನೇ ಕೂಗುತ್ತದೆ. ಸುಮ್ಮನಿರಲೆಂದು ಡಿಫಾಲ್ಟ್ ಹಾಕುವುದು ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿದ ಹಾಗೆ. ವೇಗ ಕಡಿಮೆಯಾಗುತ್ತದೆ ಎನ್ನುವವರು ಇನ್‌ಲೈನ್ ಮಾಡಿ, ಹೊರಬಂದ ಅಸೆಂಬ್ಲಿಯನ್ನು ಒಮ್ಮೆ ತೆರೆದು ನೋಡಿ ಆಮೇಲೆ ಜಗಳಕ್ಕೆ ಬರಲಿ.