ನಾಗಮಣಿಗಾಗಿ ಕೊಂದರೆ ನಂಬುತ್ತೇವೆ, ವರದಕ್ಷಿಣೆಗಾಗಿ ಕೊಂದರೆ?

ಟಿ.ವಿ. ಧಾರಾವಾಹಿಗಳ ಮಾತೆತ್ತಿದರೆ ನಮ್ಮ ವಿದ್ಯಾವಂತರು ನಗುತ್ತಾರೆ. ಅದರಲ್ಲೂ ಹಾವು ಹೆಣ್ಣಾಗುವ, ಸೊಸೆ ನೊಣವಾಗುವ ಧಾರಾವಾಹಿ ಎಂದರೆ ಕೇಳುವುದೇ ಬೇಡ. "ಅದನ್ನೆಲ್ಲ ಯಾರು ನಂಬುತ್ತಾರೆ, ಬಿಡಿ" ಎಂಬಲ್ಲಿಗೆ ಚರ್ಚೆ ಮುಗಿದುಹೋಗುತ್ತದೆ. ಆದರೆ ರಾತ್ರಿ ಊಟದ ಹೊತ್ತಿಗೆ ಲಕ್ಷಾಂತರ ಮನೆಗಳ ನಡುಮನೆಗೆ ಬಂದು, ಅತ್ತೆ ಎಂದರೆ ಯಾರು, ಸೊಸೆ ಎಂದರೆ ಯಾರು, ಮದುವೆ ಎಂದರೆ ಏನು ಎಂದು ಹೇಳಿಕೊಡುವ ಕಥೆಯನ್ನು ನಕ್ಕು ತಳ್ಳಿಹಾಕಲು ಮಹಿಳಾ ಚಳವಳಿಗೆ ಸಾಧ್ಯವಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಹಾವು ಹೆಣ್ಣಾಗಬಲ್ಲದೇ ಎಂಬುದಲ್ಲ. ಈ ಕಥೆಗಳಲ್ಲಿ ಯಾರು ಏನನ್ನು ಯಾಕಾಗಿ ಮಾಡುತ್ತಾರೆ, ಆ 'ಯಾಕೆ'ಯನ್ನು ನಾವು ಯಾಕೆ ನಂಬುತ್ತೇವೆ ಎಂಬುದು.

2015ರ ನವೆಂಬರ್‌ನಲ್ಲಿ ಕಲರ್ಸ್ ವಾಹಿನಿಯಲ್ಲಿ ಏಕ್ತಾ ಕಪೂರ್ ಅವರ ಬಾಲಾಜಿ ಟೆಲಿಫಿಲ್ಮ್ಸ್ 'ನಾಗಿನ್' ಹಿಂದಿ ಧಾರಾವಾಹಿಯನ್ನು ತಂದಿತು. ಮೌನಿ ರಾಯ್ ಮಾಡಿದ ಶಿವನ್ಯಾ ಎಂಬ ಇಚ್ಛಾಧಾರಿ ನಾಗಿಣಿ ಅದರ ನಾಯಕಿ. ನಾಗಮಣಿಯ ಆಸೆಗೆ ತನ್ನ ತಂದೆತಾಯಿಯನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಲು ಅವಳು ಕೊಲೆಗಾರನೊಬ್ಬನ ಮಗನನ್ನೇ ಮದುವೆಯಾಗಿ ಆ ಮನೆಯ ಸೊಸೆಯಾಗುತ್ತಾಳೆ. ಧಾರಾವಾಹಿ ಭಾರೀ ಜನಪ್ರಿಯವಾಗಿ ಒಂದರ ಹಿಂದೊಂದು ಆವೃತ್ತಿಗಳು ಬಂದವು. 2016ರಲ್ಲಿ ಝೀ ಕನ್ನಡದಲ್ಲೂ 'ನಾಗಿಣಿ' ಹರಿದುಬಂದಳು. ಅದೇ ವರ್ಷ, 2011ರಿಂದ ಸಾಧಾರಣ ಅತ್ತೆಮನೆ ಕಥೆಯಾಗಿ ನಡೆದುಬಂದಿದ್ದ 'ಸಸುರಾಲ್ ಸಿಮರ್ ಕಾ'ದ ಸೊಸೆ ಸಿಮರ್ ಮಾಟದ ಬಲದಿಂದ ನೊಣವಾದಳು. ದೇಶವೆಲ್ಲ ನಕ್ಕಿತು, ಮತ್ತು ನೋಡಿತು.

ಕಲ್ಪನೆ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಅಜ್ಜಿಯರ ಕಥೆಗಳಲ್ಲಿ ಹಾವೂ ಇತ್ತು, ಹೂವಾಗುವ ಹುಡುಗಿಯೂ ಇದ್ದಳು. ಗಿರೀಶ್ ಕಾರ್ನಾಡರ 'ನಾಗಮಂಡಲ' (1988) ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕ, 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಸಿನಿಮಾ ಮಾಡಿದರು. ಅಲ್ಲಿಯೂ ನಾಗರಹಾವು ಗಂಡನ ರೂಪ ತಾಳಿ ಬರುತ್ತದೆ. ಆದರೆ ಅಲ್ಲಿ ಪ್ರತಿಯೊಬ್ಬರ ನಡತೆಗೂ ಕಾರಣವಿದೆ. ಅಪ್ಪಣ್ಣ ಹೆಂಡತಿ ರಾಣಿಯನ್ನು ಒಳಗಿಟ್ಟು ಬೀಗ ಹಾಕುತ್ತಾನೆ, ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಉಂಡು ಸೂಳೆಯ ಮನೆಗೆ ಹೋಗುತ್ತಾನೆ. ಅವನಿಗೆ ಹೆಂಡತಿ ಬೇಕಾದದ್ದು ಅಡುಗೆಗೆ. ರಾಣಿ ಬಸುರಾದಾಗ ಪಂಚಾಯಿತಿ ಅವಳನ್ನು ಪ್ರಶ್ನಿಸುತ್ತದೆ, ಅಪ್ಪಣ್ಣ ರಾತ್ರಿ ಎಲ್ಲಿರುತ್ತಾನೆಂದು ಯಾರೂ ಕೇಳುವುದಿಲ್ಲ. ಅವಳು ಹುತ್ತಕ್ಕೆ ಕೈಹಾಕಿ, ಹಾವನ್ನು ಹಿಡಿದು ಪ್ರಮಾಣ ಮಾಡಿದ ಮೇಲೆಯೇ ಊರು ನಂಬುವುದು. ಹೆಣ್ಣಿನ ಮಾತು ನಿಜವಾಗಬೇಕಾದರೆ ಹಾವೇ ಸಾಕ್ಷಿ ಹೇಳಬೇಕು! ಇದಕ್ಕಿಂತ ನಂಬಲರ್ಹವಾದ ಕಥೆ ಯಾವುದಿದೆ? ಹಾವು ಗಂಡಸಾದದ್ದು ಕಟ್ಟುಕಥೆ. ಬೀಗ, ಊಟ, ಪಂಚಾಯಿತಿ ಇವು ಕಟ್ಟುಕಥೆಯಲ್ಲ. ಒಳ್ಳೆಯ ಕಲ್ಪನೆಯ ಕಥೆ ಕೇಳುಗರಿಂದ ಒಂದೇ ಒಂದು ಸುಳ್ಳಿಗೆ ಒಪ್ಪಿಗೆ ಪಡೆದು, ಅದರ ನೆರವಿನಿಂದ ಮನೆಯೊಳಗಿನ ನಿಜವನ್ನು ಬಯಲಿಗೆಳೆಯುತ್ತದೆ.

ಟಿ.ವಿ.ಯ ನಾಗಿಣಿ ಮಾಡುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಸುಳ್ಳಾಗಿರುವುದು ಹಾವಲ್ಲ, ಮನೆ.

ಮೊದಲಿಗೆ ಕೊಲೆಯ ಕಾರಣವನ್ನೇ ನೋಡಿ. ನಾಗಮಣಿಗಾಗಿ, ಅಂದರೆ ಒಂದು ಒಡವೆಗಾಗಿ, ಶ್ರೀಮಂತ ಮನೆತನದವರು ಜೀವ ತೆಗೆಯುತ್ತಾರೆ. ಇದನ್ನು ನಂಬಲು ಯಾರಿಗೂ ಕಷ್ಟವಾಗಿಲ್ಲ. ಆದರೆ ಅದೇ ನೋಡುಗರ ಬೀದಿಯಲ್ಲಿ, ತವರಿನವರು ಕೊಡುತ್ತೇವೆಂದ ಚಿನ್ನ ಬರಲಿಲ್ಲವೆಂದು, ಸ್ಕೂಟರ್ ಹೋಗಿ ಕಾರು ಬೇಕಾಯಿತೆಂದು, ಸೈಟಿನ ಕಂತು ಕಟ್ಟಬೇಕಾಯಿತೆಂದು ಸೊಸೆಯೊಬ್ಬಳು ಸುಟ್ಟು ಸತ್ತರೆ ಕೇಳಿಬರುವ ಮಾತೇ ಬೇರೆ. "ಅಷ್ಟು ಸ್ಥಿತಿವಂತರು ಹಣಕ್ಕಾಗಿ ಹಾಗೆ ಮಾಡುತ್ತಾರೆಯೇ?" "ಅವಳಿಗೇ ಏನೋ ತಲೆ ಸರಿ ಇರಲಿಲ್ಲವಂತೆ." "ಸ್ಟವ್ ಸಿಡಿಯಿತಂತೆ." 2022ರ ಒಂದೇ ವರ್ಷದಲ್ಲಿ ಈ ದೇಶದ ಪೊಲೀಸ್ ದಾಖಲೆಗಳಲ್ಲಿ ವರದಕ್ಷಿಣೆ ಸಾವುಗಳೆಂದು ನಮೂದಾದವು 6,000ಕ್ಕೂ ಹೆಚ್ಚು. ನಮೂದಾಗದೆ ಉಳಿದವಕ್ಕೆ ಲೆಕ್ಕವಿಲ್ಲ. ಕಣ್ಣಮುಂದಿನ ದುರಾಸೆ ನಂಬಲಾಗದ್ದು, ಹಾವಿನ ಹೆಡೆಯ ಮೇಲಿನ ಮಣಿಯ ದುರಾಸೆ ನಂಬುವಂಥದ್ದು! ದುರಾಸೆಯನ್ನು ಪುರಾಣದ ಬಟ್ಟೆ ತೊಡಿಸಿ ತೋರಿಸಿದರೆ, ಅದು ನಮ್ಮ ಮನೆಯದಲ್ಲ ಎಂದು ಎಲ್ಲರೂ ನೆಮ್ಮದಿಯಿಂದ ನೋಡಬಹುದು.

ಎರಡನೆಯದು ಅತ್ತೆ. 'ನಾಗಿನ್'ನ ಮೊದಲ ಆವೃತ್ತಿಯಲ್ಲಿ ಎಲ್ಲ ಕೇಡಿನ ಮೂಲವೆಂದು ಕೊನೆಗೆ ಬಯಲಾಗುವವಳು ಅತ್ತೆಯ ಸ್ಥಾನದಲ್ಲಿದ್ದ ಯಾಮಿನಿ. ಇದು ಆ ಒಂದು ಧಾರಾವಾಹಿಯ ಮಾತಲ್ಲ. ಅತ್ತೆಯೋ, ನಾದಿನಿಯೋ, ವಾರಗಿತ್ತಿಯೋ ವಿಷ ಬೆರೆಸುತ್ತಾಳೆ, ಮಾಟ ಮಾಡಿಸುತ್ತಾಳೆ, ಮೆಟ್ಟಿಲಿಗೆ ಎಣ್ಣೆ ಸುರಿಯುತ್ತಾಳೆ. ಯಾಕೆ? ಅವಳು ಕೆಟ್ಟವಳು, ಅದಕ್ಕೆ. ಆಸ್ತಿ ಯಾರ ಹೆಸರಿನಲ್ಲಿದೆ, ತಿಜೋರಿಯ ಬೀಗದ ಕೈ ಯಾರ ಬಳಿ ಇದೆ, ಮಗನ ಮೇಲಿನ ಹಿಡಿತ ತಪ್ಪಿದರೆ ಮುಪ್ಪಿನಲ್ಲಿ ಅವಳ ಗತಿ ಏನು, ಇವು ಯಾವುವೂ ಕಥೆಗೆ ಬೇಡ. ನಿಜವಾದ ಮನೆಗಳಲ್ಲಿ ಅತ್ತೆಯ ಕ್ರೌರ್ಯಕ್ಕೆ ಬೇರುಗಳಿವೆ. ತನ್ನದೆಂಬುದು ಏನೂ ಇಲ್ಲದ ಹೆಂಗಸು ಮಗನ ಮೂಲಕವೇ ಅಧಿಕಾರ ಕಂಡಿರುತ್ತಾಳೆ. ಅವಳ ಬಾಯಿಂದ ಬರುವ ವರದಕ್ಷಿಣೆಯ ಬೇಡಿಕೆಯ ಲಾಭ ಗಂಡಸರ ಕೈ ಸೇರುತ್ತದೆ. ಇದನ್ನು ಹೇಳುವುದು ಅವಳನ್ನು ಕ್ಷಮಿಸುವುದಲ್ಲ, ತಪ್ಪಿನ ವಿಳಾಸವನ್ನು ಸರಿಯಾಗಿ ಬರೆಯುವುದು. ಕೇಡು ಹೆಣ್ಣಿನ ಹುಟ್ಟುಗುಣ ಎಂದುಬಿಟ್ಟರೆ ವ್ಯವಸ್ಥೆ ಪಾರಾಗುತ್ತದೆ.

ಗಂಡನಂತೂ ಮೊದಲೇ ಪಾರಾಗಿರುತ್ತಾನೆ. ಅವನು ಒಳ್ಳೆಯವನು, ಅವನಿಗೆ ಏನೂ ಗೊತ್ತಿಲ್ಲ. ಅವನದೇ ಮನೆಯಲ್ಲಿ ಕೊಲೆ ನಡೆದರೂ ಗೊತ್ತಿಲ್ಲ. ಹಾವು ಸೀರೆ ಉಟ್ಟು ಬಂದದ್ದಕ್ಕಿಂತ ನಂಬಲು ಕಷ್ಟವಾದದ್ದು ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019-21) ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಸುಮಾರು ಶೇ. 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಗಂಡನಿಂದ! ಮಾಟಗಾತಿಯಿಂದಲ್ಲ, ಪೂರ್ವಜನ್ಮದ ಶತ್ರುವಿನಿಂದಲ್ಲ.

ಮೂರನೆಯದು ಇನ್ನೂ ಅಪಾಯಕಾರಿ. ನಾಗಿಣಿಯ ಕಥೆಯ ಆಧಾರವೇ ಹೀಗಿದೆ: ಸೊಸೆಯಾಗಿ ಬಂದವಳು ಒಳಗೊಂದು ಉದ್ದೇಶ ಇಟ್ಟುಕೊಂಡು ಬಂದಿದ್ದಾಳೆ, ಮನೆತನವನ್ನು ನಾಶ ಮಾಡುವುದೇ ಆ ಉದ್ದೇಶ. ಈ ಮಾತನ್ನು ನಾವು ಬೇರೆ ಎಲ್ಲಿ ಕೇಳಿದ್ದೇವೆ? 1983ರಲ್ಲಿ ಚಳವಳಿಯ ಹೋರಾಟದಿಂದ ದಂಡಸಂಹಿತೆಗೆ 498ಎ ಕಲಂ ಸೇರಿದಂದಿನಿಂದ ಅದರ ವಿರೋಧಿಗಳು ಹೇಳುತ್ತಿರುವುದು ಇದನ್ನೇ. ದೂರು ಕೊಡುವ ಹೆಂಗಸು ನೊಂದವಳಲ್ಲ, ಸಂಚುಗಾರ್ತಿ. ಗಂಡನ ಮನೆಯವರನ್ನು ಸಾಲಾಗಿ ಜೈಲಿಗೆ ಕಳಿಸಲೆಂದೇ ಬಂದವಳು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ಕಲಮಿನ ದುರುಪಯೋಗವನ್ನು ಕಾನೂನಿನ ಭಯೋತ್ಪಾದನೆಗೆ ಹೋಲಿಸಿತು. 2017ರಲ್ಲಿ ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿಗಳು ನೋಡಲಿ ಎಂದಿತು. 2018ರಲ್ಲಿ ಆ ನಿರ್ದೇಶನವನ್ನು ಹಿಂತೆಗೆದುಕೊಂಡಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಅಪರಾಧ 85 ಮತ್ತು 86ನೇ ಕಲಮುಗಳಾಗಿದೆ, ವರದಕ್ಷಿಣೆ ಸಾವು 80ನೇ ಕಲಮಾಗಿದೆ. ಸಂಖ್ಯೆ ಬದಲಾದರೂ ಸಂಶಯ ಬದಲಾಗಿಲ್ಲ. ನ್ಯಾಯಾಧೀಶರು ಧಾರಾವಾಹಿ ನೋಡಿ ತೀರ್ಪು ಬರೆಯುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ ಠಾಣೆಯ ಬೆಂಚಿನ ಮೇಲೆ ಕೂತ ಹೆಂಗಸಿಗೆ "ನಿನ್ನ ಉದ್ದೇಶ ಏನಮ್ಮ?" ಎಂದು ಕೇಳುವ ಸಮಾಜವೂ, ಸೊಸೆಯ ಕಣ್ಣಲ್ಲಿ ಹಾವು ಕಾಣುವ ಧಾರಾವಾಹಿಯೂ ಒಂದೇ ಮನೆಯಲ್ಲಿ ಬೆಳೆದವು.

ಇನ್ನು ಸಿಮರ್‌ಳ ನೊಣ. ಧಾರಾವಾಹಿಯ ಸೊಸೆ ನೊಣವಾಗಬಲ್ಲಳು, ಸತ್ತು ಹುಟ್ಟಬಲ್ಲಳು, ದೆವ್ವದೊಡನೆ ಹೋರಾಡಬಲ್ಲಳು. ಆದರೆ 181ಕ್ಕೆ ಫೋನು ಮಾಡಲಾರಳು. ರಾತ್ರಿ ಮಳೆಯಲ್ಲಿ ಸೂಟ್‌ಕೇಸಿನೊಡನೆ ಅವಳನ್ನು ಹೊರದಬ್ಬಿದಾಗ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಆ ಮನೆಯಲ್ಲಿ ವಾಸಿಸುವ ಹಕ್ಕು ತನಗಿದೆ, ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರ ಆದೇಶ ಪಡೆಯಬಹುದು ಎಂದು ಅವಳಿಗೆ ಯಾರೂ ಹೇಳುವುದಿಲ್ಲ. ಅವಳಿಗೆ ಸಂಬಳ ತರುವ ಕೆಲಸವಿಲ್ಲ, ಕದ ತಟ್ಟಬಹುದಾದ ನೆರೆಮನೆಯಿಲ್ಲ, ಸಂಘವಿಲ್ಲ. ಎಲ್ಲ ದಾರಿಗಳನ್ನೂ ಮುಚ್ಚಿದ ಮೇಲೆ ಕಥೆಗಾರರಿಗೆ ಉಳಿಯುವುದು ಪವಾಡ ಮಾತ್ರ. ಹೆಣ್ಣಿಗೆ ಕಾನೂನಿನ, ದುಡಿಮೆಯ, ಒಗ್ಗಟ್ಟಿನ ಶಕ್ತಿಯನ್ನು ಕೊಡಲು ಮನಸ್ಸಿಲ್ಲದವರು ವಿಷದ ಹಲ್ಲನ್ನು ಕೊಡುತ್ತಾರೆ.

"ಹೆಂಗಸರೇ ಇಷ್ಟಪಟ್ಟು ನೋಡುತ್ತಾರಲ್ಲ?" ಎಂಬ ಪ್ರಶ್ನೆ ಬರುತ್ತದೆ. ನೋಡುತ್ತಾರೆ, ನಿಜ. ಅವರನ್ನು ದಡ್ಡರೆಂದು ಬಯ್ಯುವ ಸಾಲಿನಲ್ಲಿ ನಾವು ನಿಲ್ಲಬಾರದು. ಹಗಲೆಲ್ಲ ಬಾಯಿಮುಚ್ಚಿ ದುಡಿದವಳಿಗೆ, ಕೈ ಎತ್ತಿದವನನ್ನು ಕಚ್ಚಿ ಕೆಡಹುವ ಹೆಣ್ಣನ್ನು ಕಂಡರೆ ಒಳಗೆಲ್ಲೋ ಸಮಾಧಾನವಾಗುತ್ತದೆ. ಆ ಸಿಟ್ಟು ನ್ಯಾಯವಾದದ್ದು. ನಮ್ಮ ತಕರಾರು ಇರುವುದು ಆ ಸಿಟ್ಟನ್ನು ಕದ್ದು ಮಾರುವವರೊಡನೆ. ಸತ್ತ ತಂದೆತಾಯಿಗಾಗಿ ಸಿಟ್ಟಾಗಲು ಅವಳಿಗೆ ಅನುಮತಿಯಿದೆ, ಸ್ವಂತ ಮೈಮೇಲಿನ ಬಾಸುಂಡೆಗಾಗಿ ಇಲ್ಲ. ಕೊನೆಗೆ ಅದೇ ಮನೆಯ ಗಂಡಿನ ಪ್ರೀತಿಗೆ ಸೇಡು ಕರಗಬೇಕು. ಮನೆತನ ಉಳಿಯಬೇಕು. ನಡುವೆ ಬರುವ ಜಾಹೀರಾತಿನಲ್ಲಿ ಮದುವೆಯ ಒಡವೆ ಮಾರಬೇಕು.

ಗೆಳತಿಯರೇ, ಧಾರಾವಾಹಿ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಸೆನ್ಸಾರಿನ ಕತ್ತರಿ ಮೊದಲು ಹೆಣ್ಣಿನ ಬಯಕೆಯನ್ನೇ ಕತ್ತರಿಸುತ್ತದೆ ಎಂಬುದು ನಮಗೆ ಗೊತ್ತು. ನಿಮ್ಮ ಸಂಘದ ಸಭೆಯಲ್ಲಿ ಒಂದು ಕಂತನ್ನು ಒಟ್ಟಿಗೆ ಕೂತು ನೋಡಿ. ಈ ಮನೆ ಯಾರ ಹೆಸರಿನಲ್ಲಿದೆ? ಈ ಮದುವೆಗೆ ಯಾರು ಎಷ್ಟು ಖರ್ಚು ಮಾಡಿದರು? ಗಂಡ ಆ ಹೊತ್ತಿನಲ್ಲಿ ಎಲ್ಲಿದ್ದ? ಇವಳು ಹಾವಾಗಿರದಿದ್ದರೆ ಏನು ಮಾಡಬಹುದಿತ್ತು? ಉತ್ತರಗಳನ್ನು ಬರೆದು ವಾಹಿನಿಗೂ, ಜಾಹೀರಾತು ಕೊಡುವ ಕಂಪನಿಗೂ ಕಳಿಸಿ. ಆಮೇಲೆ ಅದೇ ನಾಲ್ಕು ಪ್ರಶ್ನೆಗಳನ್ನು ನಿಮ್ಮ ಬೀದಿಯಲ್ಲಿ "ಸ್ಟವ್ ಸಿಡಿದು" ಸತ್ತವಳ ಮನೆಯ ಮುಂದೆ ನಿಂತು ಕೇಳಿ.