ಕೈ ಹಗುರವಾದರೆ ಮುಖ ಹಸನು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಗ್ರಂಥಗಳ ವಿಚಾರವನ್ನೋ ಮನೆತನದ ನಡೆನುಡಿಗಳ ವಿಚಾರವನ್ನೋ ಬರೆಯುತ್ತ ಬಂದವರು. ಈ ತಿಂಗಳು ಮುಖಕ್ಷೌರದ ಮಾತನ್ನೆತ್ತಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ಗಂಡಸರಿರುವ ಮನೆಗಳಲ್ಲೆಲ್ಲ ಬೆಳಗಾದರೆ ನಡೆಯುವ ಈ ಕೆಲಸವನ್ನು ಯಾರೂ ಯಾರಿಗೂ ಕ್ರಮವಾಗಿ ಕಲಿಸುವುದಿಲ್ಲ ಎಂಬುದನ್ನು ತಾವು ಗಮನಿಸಿದ್ದೀರಾ? ಊಟದ ಕ್ರಮ, ಸ್ನಾನದ ಕ್ರಮ ಇವನ್ನು ಹಿರಿಯರು ಹೇಳಿಕೊಡುತ್ತಾರೆ. ಗಡ್ಡ ಮೂಡಿದ ಹುಡುಗನಾದರೋ ಕನ್ನಡಿಯ ಮುಂದೆ ತಾನೇ ನಿಂತು, ತಾನೇ ಗಾಯಮಾಡಿಕೊಂಡು, ತಾನೇ ಕಲಿಯಬೇಕು. ನಾವೂ ಹಾಗೆಯೇ ಕಲಿತವರು. ಐವತ್ತು ವರ್ಷ ತಪ್ಪಾಗಿಯೇ ಕಲಿತಿದ್ದೆವು ಎಂಬುದು ಕಳೆದ ವರ್ಷವಷ್ಟೇ ತಿಳಿಯಿತು.

ನಮ್ಮ ಹಿರಿಯಣ್ಣನವರಿಗೆ ಈಗ 79 ವರ್ಷ. ಕಳೆದ ವರ್ಷ ಬಚ್ಚಲಮನೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದರು. ಅದುವರೆಗೆ ವಾರಕ್ಕೆರಡು ಸಲ ನಮ್ಮ ಮನೆಗೆ ಬಂದು ಅವರ ಕ್ಷೌರ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ನಮ್ಮ ನಾಡಿನಲ್ಲಿ ಕ್ಷೌರದ ಸಾಮಾನುಗಳ ಚೀಲಕ್ಕೂ ಹಡಪವೆಂಬ ಹೆಸರುಂಟು, ಎಲೆಯಡಿಕೆಯ ಸಂಚಿಗೂ ಹಡಪವೆಂಬ ಹೆಸರುಂಟು. ಬಸವಣ್ಣನವರ ಎಲೆಯಡಿಕೆಯ ಹಡಪವನ್ನು ಹಿಡಿದು ಸದಾ ಜೊತೆಗಿದ್ದ ಅಪ್ಪಣ್ಣನವರನ್ನು ಹಡಪದ ಸಮಾಜದವರು ತಮ್ಮ ಕುಲಗುರುವೆಂದು ಪೂಜಿಸುತ್ತ ಬಂದಿರುವುದನ್ನು ಓದುಗರು ಬಲ್ಲರು. ನಾವು ಹೇಳುತ್ತಿರುವ ಈ ಹಿರಿಯರು ಆ ಸಮಾಜದವರೇ. ವಯಸ್ಸಾಗಿ ಅವರ ಕಣ್ಣೂ ಮಂಜಾಯಿತು. ಮಕ್ಕಳು ಬೇರೆ ಉದ್ಯೋಗ ಹಿಡಿದು ಪಟ್ಟಣ ಸೇರಿದರು. ಅಣ್ಣನವರ ಗಡ್ಡ ಹಾಗೆಯೇ ಬೆಳೆಯಿತು.

ಗಡ್ಡ ಬೆಳೆದರೇನು ಎಂದು ಮೊದಲು ನಮಗೂ ಅನಿಸಿತ್ತು. ಆದರೆ ಜೀವಮಾನವೆಲ್ಲ ಮುಖ ಹಸನುಮಾಡಿಕೊಳ್ಳದೆ ಅಂಗಳಕ್ಕೂ ಇಳಿಯದಿದ್ದ ಮನುಷ್ಯರು ಅವರು. ನೋಡಲು ಬಂದವರ ದನಿ ಪಡಸಾಲೆಯಲ್ಲಿ ಕೇಳಿಸಿದೊಡನೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳತೊಡಗಿದರು. ಮೂಳೆ ಮುರಿದ ನೋವನ್ನು ಹೇಳಿಕೊಂಡರೇ ಹೊರತು ಈ ನೋವನ್ನು ಬಾಯಿಬಿಟ್ಟು ಹೇಳಲಿಲ್ಲ. ಅತ್ತಿಗೆಯವರೇ ಒಂದು ದಿನ ನಮ್ಮನ್ನು ಅಡುಗೆಮನೆಗೆ ಕರೆದು, "ಅವರ ಗಡ್ಡಕ್ಕೊಂದು ದಾರಿ ಮಾಡ್ರಿ" ಎಂದರು.

ನಮ್ಮಲ್ಲಿದ್ದ ಪ್ಲಾಸ್ಟಿಕ್ ಹಿಡಿಕೆಯ, ಹಲವು ಅಲಗುಗಳ ರೇಜರ್ ಅವರ ಮುಖಕ್ಕೆ ಒಗ್ಗಲಿಲ್ಲ. ವಾರಗಟ್ಟಲೆ ಬೆಳೆದ ಕೂದಲು ಅಲಗುಗಳ ಸಂದಿಯಲ್ಲಿ ಸಿಕ್ಕಿ, ಎಳೆದಾಗಲೆಲ್ಲ ಅವರು ನರಳುತ್ತಿದ್ದರು. ಆಗ ಪುಣೆಯಲ್ಲಿ ನೌಕರಿಯಲ್ಲಿರುವ ಅವರ ಮಗ ಒಂದು ಲೋಹದ ರೇಜರನ್ನು ತಂದು ನಮ್ಮ ಕೈಗಿತ್ತ. "ಕಾಕಾ, ಇದರಾಗ ಒಂದೇ ಬ್ಲೇಡು. ತಿರುವಿದರ ಕಡಿಮಿ-ಜಾಸ್ತಿ ಮಾಡ್ಕೋಬಹುದು. ಅಪ್ಪಗ ನೀವ ಮಾಡ್ರಿ, ನನ್ನ ಕೈ ನಡಗತೈತಿ" ಎಂದ.

ಈ ಉಪಕರಣದ ಹಿನ್ನೆಲೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಬಳಸಿ ಬಿಸುಡುವ ತೆಳು ಬ್ಲೇಡಿನ ರೇಜರಿಗೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬವರು 1904ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ಹಿಂದಿನ ವರ್ಷ, ಅಂದರೆ ಮಾರಾಟಕ್ಕಿಳಿದ 1903ರಲ್ಲಿ, ಅವರಿಂದ ಮಾರಲಾದದ್ದು ಕೇವಲ 51 ರೇಜರುಗಳು ಮತ್ತು 168 ಬ್ಲೇಡುಗಳು. ಮುಂದೆ ಅದು ಲೋಕವನ್ನೆಲ್ಲ ವ್ಯಾಪಿಸಿತು. ಆದರೆ ಎಲ್ಲರ ಗಡ್ಡವೂ ಒಂದೇ ಬಗೆಯದಲ್ಲ, ಎಲ್ಲರ ಚರ್ಮವೂ ಒಂದೇ ಬಗೆಯದಲ್ಲ. ಇದನ್ನರಿತು ಅದೇ ಕಂಪನಿಯು 1958ರಲ್ಲಿ, 1ರಿಂದ 9ರವರೆಗೆ ಅಂಕಿಗಳುಳ್ಳ, ತಿರುಗಿಸಿ ಹೊಂದಿಸಿಕೊಳ್ಳುವ ರೇಜರನ್ನು ತಂದಿತು. ಇಂದು ಜರ್ಮನಿಯ ಮೆರ್ಕೂರ್ ಮೊದಲಾದ ತಯಾರಕರು ಇಂಥವನ್ನು ಮಾಡುತ್ತಾರೆ. ಕೆಲವದರಲ್ಲಿ 5ರವರೆಗೆ, ಕೆಲವದರಲ್ಲಿ 6ರವರೆಗೆ ಅಂಕಿಗಳಿರುತ್ತವೆ.

ಇದರ ಮರ್ಮ ಬಹಳ ಸರಳವಾದುದು. ರೇಜರಿನ ತಲೆಯಲ್ಲಿ ಬ್ಲೇಡಿನ ಅಂಚಿನ ಕೆಳಗೆ ಒಂದು ಕಾವಲುಪಟ್ಟಿ ಇರುತ್ತದೆ. ಅದು ಚರ್ಮವನ್ನು ಒತ್ತಿಹಿಡಿದು, ಅಲಗು ಆಳಕ್ಕೆ ಇಳಿಯದಂತೆ ಕಾಯುತ್ತದೆ. ಹಿಡಿಕೆಯ ಮೇಲಿನ ತಿರುಗುಣಿಯನ್ನು ಹೆಚ್ಚಿನ ಅಂಕಿಗೆ ತಿರುಗಿಸಿದರೆ ಬ್ಲೇಡಿಗೂ ಆ ಪಟ್ಟಿಗೂ ನಡುವಿನ ಸಂದು ಅಗಲವಾಗುತ್ತದೆ. ಅಲಗು ಚರ್ಮಕ್ಕೆ ಹೆಚ್ಚು ತಾಗುತ್ತದೆ. ಕಡಿಮೆ ಅಂಕಿಗೆ ತಿರುಗಿಸಿದರೆ ಸಂದು ಕಿರಿದಾಗಿ ಅಲಗು ಸೌಮ್ಯವಾಗುತ್ತದೆ. ಉದ್ದವಾಗಿ, ಒರಟಾಗಿ ಬೆಳೆದ ಗಡ್ಡಕ್ಕೆ ಅಗಲ ಸಂದು ಬೇಕು, ಇಲ್ಲವಾದರೆ ಕೂದಲೂ ನೊರೆಯೂ ತುಂಬಿ ಕಟ್ಟಿಕೊಳ್ಳುತ್ತದೆ. ದಿನನಿತ್ಯದ ಕುರುಚಲಿಗೆ, ತೆಳು ಚರ್ಮಕ್ಕೆ ಕಿರುಸಂದು ಸಾಕು.

ಇಷ್ಟು ತಿಳಿಯುವ ಮುನ್ನ ನಾವು ಮಾಡಿದ ಅವಿವೇಕವನ್ನು ಹೇಳಿಬಿಡುತ್ತೇವೆ. ಅಣ್ಣನವರ ಮುಖಕ್ಕೆ ಹಚ್ಚುವ ಮೊದಲು ನಮ್ಮ ಮುಖದ ಮೇಲೆಯೇ ಪರೀಕ್ಷಿಸೋಣವೆಂದುಕೊಂಡೆವು. ಅಂಕಿ ದೊಡ್ಡದಾದಷ್ಟೂ ಕ್ಷೌರ ಚೆನ್ನಾಗುವುದೆಂದು ಭಾವಿಸಿ ನೇರವಾಗಿ 5ಕ್ಕೆ ತಿರುಗಿಸಿದೆವು. ಪ್ಲಾಸ್ಟಿಕ್ ರೇಜರನ್ನು ಒತ್ತಿ ಎಳೆಯುವ ರೂಢಿಯಲ್ಲಿಯೇ ಒತ್ತಿ ಎಳೆದೆವು. ಗದ್ದದಲ್ಲಿ ಎರಡು ಕಡೆ, ಗಂಟಲಲ್ಲಿ ಒಂದು ಕಡೆ ನೆತ್ತರು ಹರಿಯಿತು. ಕುತ್ತಿಗೆ ಎರಡು ದಿನ ಉರಿಯಿತು. ಇದನ್ನೇ ಅಣ್ಣನವರ ಸುಕ್ಕುಗಟ್ಟಿದ ಕೆನ್ನೆಯ ಮೇಲೆ ಮಾಡಿದ್ದರೆ ಏನಾಗುತ್ತಿತ್ತೆಂದು ನೆನೆದು ಮೈ ನಡುಗಿತು. ತಪ್ಪು ರೇಜರಿನದಾಗಿರಲಿಲ್ಲ, ನಮ್ಮ ಕೈಯದಾಗಿತ್ತು. ಒಂದು ತಿಂಗಳು ನಮ್ಮ ಮುಖದ ಮೇಲೆಯೇ ಅಭ್ಯಾಸಮಾಡಿ, ಆ ಬಳಿಕ ಅಣ್ಣನವರ ಹಾಸಿಗೆಯ ಬಳಿ ಕುಳಿತೆವು. ಆ ಒಂದು ತಿಂಗಳಲ್ಲಿ ಕಲಿತುದನ್ನು ಕ್ರಮವಾಗಿ ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯದು ನೀರು. ಕೂದಲು ನೀರನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಆದರೆ ಅದಕ್ಕೆ ಎರಡು ಮೂರು ನಿಮಿಷಗಳಾದರೂ ಬೇಕು. ಸ್ನಾನವಾದ ಮೇಲೆ ಕ್ಷೌರಕ್ಕೆ ಕೂಡುವುದು ಉತ್ತಮ. ಅದಾಗದಿದ್ದರೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ವಸ್ತ್ರವನ್ನು ಗಡ್ಡದ ಮೇಲೆ ಇರಿಸಿಕೊಳ್ಳಬೇಕು. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಸಾಬೂನು ನೊರೆಗಟ್ಟುವುದಿಲ್ಲ. ಅಂಥಲ್ಲಿ ಕುದಿಸಿ ಆರಿಸಿ ತಿಳಿಯಾದ ನೀರನ್ನೋ ಮಳೆಯ ನೀರನ್ನೋ ಒಂದು ಬಟ್ಟಲಷ್ಟು ಎತ್ತಿಟ್ಟುಕೊಂಡರೆ ನೊರೆ ಚೆನ್ನಾಗಿ ಬರುತ್ತದೆ.

ಎರಡನೆಯದು ನೊರೆ. ಬ್ರಷ್ಷಿನಿಂದ ನಿಧಾನವಾಗಿ ತಿರುವುತ್ತ, ಸ್ವಲ್ಪಸ್ವಲ್ಪವೇ ನೀರು ಸೇರಿಸುತ್ತ, ಮೊಸರಿನ ಕೆನೆಯಂತೆ ಒದ್ದೆಯಾಗಿ ದಟ್ಟವಾಗುವವರೆಗೆ ನೊರೆಯೆಬ್ಬಿಸಬೇಕು. ಹತ್ತಿಯಂತೆ ಉಬ್ಬಿ ಒಣಗುವ ನೊರೆ ನೋಡಲು ಚಂದ, ಕೆಲಸಕ್ಕೆ ಬಾರದು.

ಮೂರನೆಯದು ಕೂದಲಿನ ದಿಕ್ಕು. ಒಣಮುಖದ ಮೇಲೆ ಬೆರಳಾಡಿಸಿ ನೋಡಿದರೆ ಯಾವ ಕಡೆಗೆ ನುಣುಪು, ಯಾವ ಕಡೆಗೆ ಒರಟು ಎಂಬುದು ತಿಳಿಯುತ್ತದೆ. ನುಣುಪಾದ ಕಡೆಗೆ, ಅಂದರೆ ಕೂದಲು ಬೆಳೆದ ದಿಕ್ಕಿಗೇ ಮೊದಲ ಸುತ್ತು ಎಳೆಯಬೇಕು. ಅನೇಕರಿಗೆ ಕೆನ್ನೆಯಲ್ಲಿ ಕೂದಲು ಕೆಳಮುಖವಾಗಿದ್ದರೆ ಕುತ್ತಿಗೆಯಲ್ಲಿ ಅಡ್ಡವಾಗಿಯೋ ಮೇಲ್ಮುಖವಾಗಿಯೋ ಇರುತ್ತದೆ. ಇದನ್ನರಿಯದೆ ಎದುರುದಿಕ್ಕಿಗೆ ಎಳೆದಾಗಲೇ ಕುತ್ತಿಗೆ ಉರಿಯುವುದು, ಕೂದಲು ಚರ್ಮದೊಳಗೇ ಬಾಗಿ ಬೆಳೆದು ಗುಳ್ಳೆಗಳೇಳುವುದು.

ನಾಲ್ಕನೆಯದು ಅಂಕಿ. ಹೊಸಬರು 1ರಿಂದಲೇ ತೊಡಗಬೇಕು. ಅದರಲ್ಲಿ ಕೂದಲು ಸರಿಯಾಗಿ ಹೋಗುತ್ತಿಲ್ಲವೆನಿಸಿದರೆ ಮುಂದಿನ ದಿನ ಅರ್ಧ ಅಂಕಿಯನ್ನೋ ಒಂದು ಅಂಕಿಯನ್ನೋ ಏರಿಸಬೇಕು, ಉರಿಯೆದ್ದರೆ ಇಳಿಸಬೇಕು. ನಾಲ್ಕಾರು ದಿನ ಬೆಳೆದ ಗಡ್ಡವಿದ್ದಾಗ ಮೊದಲ ಸುತ್ತನ್ನು 3 ಅಥವಾ 4ರಲ್ಲಿ ಮುಗಿಸಿ, ಮತ್ತೆ ನೊರೆ ಹಚ್ಚಿ, ಎರಡನೆಯ ಸುತ್ತನ್ನು 1 ಅಥವಾ 2ಕ್ಕೆ ಇಳಿಸಿ ಅಡ್ಡಡ್ಡಲಾಗಿ ಎಳೆಯುವುದು ನಮಗೆ ಹಿತವಾಗಿ ಕಂಡ ಕ್ರಮ. ತಿರುಗುಣಿಯನ್ನು ಮುಖದಿಂದ ದೂರ ಹಿಡಿದು ತಿರುಗಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕೈಯ ಹಗುರ. ಹಲವು ಅಲಗುಗಳ ರೇಜರಿನ ತಲೆ ತಾನೇ ಬಾಗಿ ಮುಖಕ್ಕೆ ಹೊಂದಿಕೊಳ್ಳುತ್ತದೆ. ಈ ರೇಜರಿನಲ್ಲಿ ಕೋನವನ್ನು ಕಾಯುವುದು ಕೈಯ ಹೊಣೆ. ರೇಜರಿನ ತಲೆಯನ್ನು ಕೆನ್ನೆಗೆ ಚಪ್ಪಟೆಯಾಗಿ ಆನಿಸಿ, ಹಿಡಿಕೆಯನ್ನು ಮುಖದಿಂದ ನೇರವಾಗಿ ಹೊರಚಾಚಿದಂತೆ ಹಿಡಿದು, ಬ್ಲೇಡು ತಾಗುವಷ್ಟು ಮಾತ್ರ ಹಿಡಿಕೆಯನ್ನು ಮೆಲ್ಲಗೆ ಇಳಿಸಬೇಕು. ಆಗ ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿಯ ಕೋನವಾಗುತ್ತದೆ. ಆಮೇಲೆ ಒತ್ತಲೇಬಾರದು. ಲೋಹದ ರೇಜರಿನ ತೂಕವೇ ಕೂದಲು ಕತ್ತರಿಸಲು ಸಾಕು. ಎಳೆತ ಒಂದಂಗುಲ ಮೀರಬಾರದು. ನೊರೆಯಿಲ್ಲದ ಕಡೆ ಮತ್ತೆ ಎಳೆಯಬಾರದು. ಒಂದೇ ಸುತ್ತಿಗೆ ಎಲ್ಲವೂ ಹೋಗಬೇಕೆಂಬ ಆತುರದಿಂದಲೇ ಬಹುಪಾಲು ಗಾಯಗಳಾಗುವುದು.

ಮುಗಿದ ಮೇಲೆ ತಣ್ಣೀರಿನಿಂದ ತೊಳೆದು, ಒರೆಸದೆ ಒತ್ತಿ ಒಣಗಿಸಬೇಕು. ಸಣ್ಣಪುಟ್ಟ ಗಾಯಕ್ಕೆ ಹಿಂದಿನವರು ಬಳಸುತ್ತಿದ್ದ ಪಟಿಕದ ತುಂಡೇ ಸಾಕು; ರಕ್ತ ನಿಲ್ಲುತ್ತದೆ. ಬ್ಲೇಡನ್ನು 5ರಿಂದ 7 ಕ್ಷೌರಗಳಿಗೊಮ್ಮೆ ಬದಲಿಸಬೇಕೆಂಬುದು ಚರ್ಮವೈದ್ಯರ ಸಲಹೆ. ಎಳೆದಂತಾದರೆ ಅದಕ್ಕೂ ಮುಂಚೆಯೇ ಬದಲಿಸುವುದು ಲೇಸು. ನಾಲ್ಕು ಕಾಸು ಉಳಿಸಲು ಹೋಗಿ ಮೊಂಡು ಬ್ಲೇಡಿನಿಂದ ಹೆರೆದುಕೊಳ್ಳುವುದು ಉಳಿತಾಯವಲ್ಲ.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಲೇಬೇಕು. ನಾವು ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ನಾಲ್ವರು ಹುಡುಗರ ನಡುವೆ ಒಂದು ರೇಜರ್, ಒಂದು ಬ್ಲೇಡು. ಅದನ್ನು ನಾವು ಸ್ನೇಹವೆಂದೇ ಬಗೆದಿದ್ದೆವು. ಕಣ್ಣಿಗೆ ಕಾಣದಷ್ಟು ನೆತ್ತರಿನಿಂದಲೂ ಹೆಪಟೈಟಿಸ್ ಬಿ ಮತ್ತು ಸಿ ಕಾಮಾಲೆಗಳು ಒಬ್ಬರಿಂದ ಒಬ್ಬರಿಗೆ ಹರಡಬಹುದೆಂಬುದು ಇಂದು ತಿಳಿದ ಸಂಗತಿ. ಆದುದರಿಂದ ತಂದೆ-ಮಕ್ಕಳಾದರೂ, ಅಣ್ಣ-ತಮ್ಮಂದಿರಾದರೂ ಬ್ಲೇಡು ಬೇರೆಬೇರೆಯೇ ಇರಲಿ. ಎರಡನೆಯದಾಗಿ, ಬಳಸಿದ ಬ್ಲೇಡನ್ನು ಹಾಗೆಯೇ ಕಸದಬುಟ್ಟಿಗೆ ಎಸೆಯಬಾರದು. ಆ ಕಸವನ್ನು ಬರಿಗೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರ ಬೆರಳುಗಳಿವೆ ಎಂಬುದು ನೆನಪಿರಲಿ. ಹಳೆಯ ತಗಡಿನ ಡಬ್ಬಿಯೊಂದಕ್ಕೆ ಸೀಳುಮಾಡಿ ಅದರಲ್ಲಿ ಹಾಕುತ್ತ ಹೋಗಿ, ತುಂಬಿದ ಮೇಲೆ ಬಾಯಿ ಬಿಗಿದು, ಬೇರೆಯಾಗಿ ಹೇಳಿ ಕೊಡಬೇಕು.

ವೃದ್ಧರ ಮುಖಕ್ಷೌರ ಮಾಡುವವರಿಗೆ ಇನ್ನೊಂದು ಮಾತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ವೈದ್ಯರನ್ನು ಕೇಳದೆ ಬ್ಲೇಡು ಹಚ್ಚಬಾರದು. ಅಂಥವರಿಗೆ ವಿದ್ಯುತ್ ಶೇವರ್ ಕ್ಷೇಮ. ಉಳಿದವರಿಗೆ, ಉದ್ದ ಗಡ್ಡವನ್ನು ಮೊದಲು ಕತ್ತರಿಯಿಂದ ಮೋಟುಮಾಡಿ, ತಲೆದಿಂಬು ಏರಿಸಿ ಕೂರಿಸಿ, ಸುಕ್ಕನ್ನು ಇನ್ನೊಂದು ಕೈಯ ಬೆರಳುಗಳಿಂದ ಮೃದುವಾಗಿ ಬಿಗಿಹಿಡಿದು, 1ರ ಅಂಕಿಯಲ್ಲಿಯೇ ಮುಗಿಸಬೇಕು. ಅಲ್ಲಿ ಇಲ್ಲಿ ನಾಲ್ಕು ಕೂದಲು ಉಳಿದರೆ ಉಳಿಯಲಿ.

ಅಣ್ಣನವರಿಗೆ ನಾವು ಹಾಗೆಯೇ ಮಾಡಿದೆವು. ಮೊದಲ ದಿನ ಮುಕ್ಕಾಲು ಗಂಟೆ ಹಿಡಿಯಿತು. ಚಿಕ್ಕಂದಿನಲ್ಲಿ ನಮ್ಮ ಕೈಹಿಡಿದು ಶಾಲೆಗೆ ಕರೆದೊಯ್ದವರ ಮುಖವನ್ನು ಅಷ್ಟು ಹತ್ತಿರದಿಂದ ನಾವು ಎಂದೂ ನೋಡಿರಲಿಲ್ಲ. ಒಂದು ಹನಿ ನೆತ್ತರೂ ಬರಲಿಲ್ಲ. ತಣ್ಣೀರಿನ ವಸ್ತ್ರ ಒತ್ತಿ ಕನ್ನಡಿ ಹಿಡಿದೆವು. ಅವರು ಕೆನ್ನೆಯ ಮೇಲೆ ಅಂಗೈಯಾಡಿಸಿಕೊಂಡು, "ತಮ್ಮಾ, ಮುಖ ಹಗುರಾತು" ಎಂದರು. ಆ ಸಂಜೆ ನೆರೆಮನೆಯವರು ಮಾತನಾಡಿಸಲು ಬಂದಾಗ ಗೋಡೆಯ ಕಡೆಗೆ ತಿರುಗಲಿಲ್ಲ. ತಾವೇ ಕರೆದು ಕೂರಿಸಿ, ಚಹಾ ತರಲು ಒಳಗೆ ಕೂಗಿದರು.

ನಾಲ್ಕೈದು ವಾರಗಳ ಬಳಿಕ, ಕಣ್ಣು ಮಂಜಾಗಿದ್ದ ಆ ಹಿರಿಯರು ಮೊಮ್ಮಗನ ಕೈಹಿಡಿದು ಅಣ್ಣನವರನ್ನು ನೋಡಲು ಬಂದರು. ಅವರ ಗದ್ದವನ್ನು ಬೆರಳಿನಿಂದ ಮುಟ್ಟಿನೋಡಿ, ನಮ್ಮ ಕಡೆ ತಿರುಗಿ, "ಕಿವಿ ಬುಡದಾಗ ಸ್ವಲ್ಪ ಬಿಟ್ಟೀರಿ, ಉಳಿದದ್ದು ಅಡ್ಡಿಯಿಲ್ಲ" ಎಂದರು. ನಾವು ಪಡೆದ ಪದವಿ-ಪ್ರಶಸ್ತಿಗಳ ಸಾಲಿನಲ್ಲಿ ಈ ಮಾತನ್ನೂ ಸೇರಿಸಿಕೊಂಡಿದ್ದೇವೆ. ಜೊತೆಗೆ ಕಿವಿಯ ಬುಡವನ್ನು ಹೇಗೆ ಎಳೆದು ಹಿಡಿಯಬೇಕೆಂಬುದನ್ನು ಅವರಿಂದಲೇ ಕೇಳಿ ಕಲಿತೆವು.

ತಿರುಗುಣಿಯ ಮೇಲಿನ ಅಂಕಿ ನಮ್ಮ ಪೌರುಷದ ಅಳತೆಯಲ್ಲ. ಎದುರಿಗಿರುವ ಚರ್ಮ ಎಷ್ಟನ್ನು ತಾಳಬಲ್ಲುದೋ ಅಷ್ಟಕ್ಕೆ ಅಲಗನ್ನು ಹೊಂದಿಸಿಕೊಳ್ಳುವುದೇ ಅದರ ಪ್ರಯೋಜನ. ತಮ್ಮ ಮನೆಯಲ್ಲಿಯೂ ಹಾಸಿಗೆ ಹಿಡಿದ ಹಿರಿಯರಿದ್ದರೆ, ಔಷಧ-ಪಥ್ಯಗಳ ಜೊತೆಗೆ ಅವರ ಮುಖದ ಕಡೆಗೂ ಒಮ್ಮೆ ನೋಡಿರಿ. ಅವರು ಕೇಳುವುದಿಲ್ಲ, ನಾವೇ ಕೇಳಬೇಕು. ಮೊದಲ ದಿನ 1ರಲ್ಲಿಯೇ ಇರಲಿ.