ಹೊಲದ ಉತಾರವೂ ಸಾಕ್ಷಿಯೇ

ಅಪ್ಪ-ಅವ್ವನಿಗೆ ಯುರೋಪ್ ತೋರಿಸೋಣ ಅಂತ ಷೆಂಗೆನ್ ವೀಸಾಕ್ಕೆ ಕಾಗದಪತ್ರ ಹೊಂದಿಸುತ್ತಿದ್ದೇನೆ. ಸಾಫ್ಟ್‌ವೇರ್ ನೌಕರಿಯ ನನಗೆ ಸುಲಭ: ಸಂಬಳದ ಚೀಟಿ, ರಜೆ ಪತ್ರ, ಐಟಿ ರಿಟರ್ನ್. ಯಮಕನಮರಡಿಯಲ್ಲಿ ಕಬ್ಬು ಬೆಳೆಯುವ ಅಪ್ಪನ ಹತ್ತಿರ ಇವು ಯಾವೂ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ರಿಟರ್ನ್ ಎಲ್ಲಿಂದ ಬರಬೇಕು?

ವೀಸಾ ಅಧಿಕಾರಿ ಮುಖ್ಯವಾಗಿ ನೋಡುವುದು ಎರಡು: ಖರ್ಚಿಗೆ ದುಡ್ಡಿದೆಯೇ? ತಿರುಗಿ ಊರಿಗೆ ಬರುತ್ತಾರೆಯೇ?

ಇದನ್ನು ಹೇಳಿದಾಗ ಅಪ್ಪ ನಕ್ಕರು. "ಕಬ್ಬ ಕಡಿಯೂದ್ರೊಳಗ ಬರಾಕಬೇಕು. ಅಲ್ಲೇ ಉಳಿದ್ರ ಹೊಲಾ ಯಾರ್ ನೋಡ್ತಾರ?"

ಈ ಮಾತನ್ನೇ ಕಾಗದದಲ್ಲಿ ಹೇಳಬೇಕು. ಹೊಲದ ಉತಾರ ಮತ್ತು ಅದರ ಇಂಗ್ಲಿಷ್ ಅನುವಾದ, ಕಾರ್ಖಾನೆಯ ಕಬ್ಬಿನ ಬಿಲ್ಲು, ಆ ದುಡ್ಡು ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರವಾಸದ ಖರ್ಚು ನನ್ನದೆಂಬ ಪತ್ರ. ಅರ್ಜಿಗೆ ಮುನ್ನ ದಿಢೀರನೆ ದೊಡ್ಡ ಮೊತ್ತ ತುಂಬಬೇಡಿ, ಅನುಮಾನ ಬರುತ್ತದೆ.

2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯುರೋ. ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಪ್ರವಾಸ ವಿಮೆ ಕನಿಷ್ಠ 30,000 ಯುರೋಗಳದ್ದಿರಬೇಕು. ಹೊರಡುವ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೆಯ 15 ದಿನಕ್ಕೆ ಬಿಡಬೇಡಿ.

ಇಷ್ಟೆಲ್ಲ ಕೊಟ್ಟರೂ ವೀಸಾ ಖಾತ್ರಿಯಿಲ್ಲ. ಆದರೂ ರಿಟರ್ನ್ ಇಲ್ಲವೆಂಬ ಒಂದೇ ಕಾರಣಕ್ಕೆ ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಊರಿಗೆ ಮರಳಲು ಹೊಲಕ್ಕಿಂತ ದೊಡ್ಡ ಕಾರಣ ರೈತನಿಗೆ ಬೇರೇನಿದೆ?